ಈಸ್, ಆಮ್, ಆರ್ ಮತ್ತು ಗಲ್ಲಾದ ಕುರ್ಚಿ

ನಮ್ಮ ಮನೆಯಲ್ಲಿ ಯಾರಿಗಾದರೂ ಇಂಗ್ಲಿಷಿನಲ್ಲಿ ಫೋನು ಬಂದರೆ ಅದನ್ನು ತಂದು ನನ್ನ ಕೈಗೆ ಕೊಡುತ್ತಾರೆ. ನಾನು ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದರೂ ಸರಿ, ಹಿಟ್ಟಿನ ಕೈಯಲ್ಲೇ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಮಾತಾಡಬೇಕು. ಆ ಕಡೆಯವನು ಸಾಲ ಬೇಕೇ ಎಂದು ಕೇಳುತ್ತಿರುತ್ತಾನೆ. ಬೇಡಪ್ಪ ಎಂದು ಹೇಳಿ ಇಡುತ್ತೇನೆ. ಇಷ್ಟಕ್ಕೇ ಮನೆಯವರೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಬೀಗರು ಬಂದಿದ್ದರಂತೂ ಮುಗಿಯಿತು. ನಮ್ಮ ಸಣ್ಣ ಸೊಸೆ ಇಂಗ್ಲಿಷು ಮಾತಾಡುತ್ತಾಳೆ ಎಂದು ಅತ್ತೆ ಶುರುಮಾಡುತ್ತಾರೆ, ಹಟ್ಟಿಯ ಎಮ್ಮೆ ಎಷ್ಟು ಹಾಲು ಕೊಡುತ್ತದೆ ಎಂದು ಹೇಳುವ ಧಾಟಿಯಲ್ಲಿ. ನನಗೆ ಮೈಯೆಲ್ಲ ಉರಿಯುತ್ತದೆ. ನಾನು ಇಂಗ್ಲಿಷು ಕಲಿತದ್ದು ಸಾಲ ಬೇಡ ಎಂದು ಹೇಳುವುದಕ್ಕಲ್ಲ. ಗಲ್ಲಾದ ಮೇಲೆ ಕೂರುವುದಕ್ಕೆ.

ನಮ್ಮದು ದಾವಣಗೆರೆಯಲ್ಲಿ ಬಟ್ಟೆ ವ್ಯಾಪಾರದ ಮನೆತನ. ಪೇಟೆಯೊಳಗೆ ಮಾವನವರ ಕಾಲದ ಅಂಗಡಿಯಿದೆ. ಮಾವ ಹೋದಮೇಲೆ ಹಣದ ಪೆಟ್ಟಿಗೆ ಮುಂದಿಟ್ಟುಕೊಂಡು ಗಲ್ಲಾದ ಮೇಲೆ ಕೂತವರು ಭಾವ, ಅಂದರೆ ನನ್ನ ಗಂಡನ ಅಣ್ಣ. ನನ್ನ ಗಂಡ ಅವರೆದುರು ನಿಂತು ಬಟ್ಟೆಯ ಸುರುಳಿ, ಥಾನು ಬಿಚ್ಚಿ ಗಿರಾಕಿಗೆ ತೋರಿಸುವವರು. ಹೆಂಗಸರು ಅಂಗಡಿಗೆ ಹೋಗುವುದು ದೀಪಾವಳಿ ಅಮಾವಾಸ್ಯೆಗೆ ಮಾತ್ರ, ಲಕ್ಷ್ಮೀಪೂಜೆಗೆ. ಅವತ್ತು ಮನೆಯ ಒಬ್ಬ ಮುತ್ತೈದೆಯನ್ನು ಗಲ್ಲಾದ ಮೇಲೆ ಕೂರಿಸಿ ಅವಳ ಕೈಯಿಂದ ಬೋಣಿ ಮಾಡಿಸುತ್ತಾರೆ. ಮೊದಲ ಗಿರಾಕಿಗೆ ಅವಳೇ ಬಟ್ಟೆ ಕೊಡಬೇಕು, ಅವಳೇ ದುಡ್ಡು ಪೆಟ್ಟಿಗೆಗೆ ಹಾಕಬೇಕು. ಆಮೇಲೆ ಎದ್ದು ಮನೆಗೆ ಬಂದು ಹೋಳಿಗೆ ಮಾಡಬೇಕು. ಬೋಣಿಯ ಕೈಯನ್ನು ಸುಮ್ಮಸುಮ್ಮನೆ ಬದಲಾಯಿಸುವ ಹಾಗಿಲ್ಲ. ಮೊದಲು ಆ ಕೈ ಅತ್ತೆಯದಾಗಿತ್ತು. ಮಾವ ತೀರಿಕೊಂಡ ವರ್ಷ ಅದೇ ಕೈ ಅಪಶಕುನವಾಗಿ, ವಾರಗಿತ್ತಿಯ ಕೈ ಲಕ್ಷ್ಮಿಯಾಯಿತು.

ನನ್ನ ತವರು ಹರಿಹರ. ಅದಕ್ಕೇ ಈ ಮನೆಯಲ್ಲಿ ನನಗೆ ಹರಿಹರದಾಕೆ ಎನ್ನುತ್ತಾರೆ. ಭಾವನ ಹೆಂಡತಿ, ನನ್ನ ವಾರಗಿತ್ತಿ, ಆನಗೋಡಿನಾಕೆ. ಇಟ್ಟ ಹೆಸರುಗಳು ತವರಲ್ಲೇ ಉಳಿದವು. ನನ್ನ ಅಪ್ಪನದೂ ಬಟ್ಟೆ ಅಂಗಡಿಯೇ, ಹೊಳೆಯ ಕಡೆ ಹೋಗುವ ಓಣಿಯಲ್ಲಿ, ನಾಲ್ಕು ಜನ ನಿಂತರೆ ತುಂಬಿಹೋಗುವಷ್ಟು ಸಣ್ಣದು. ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ. ಸ್ಕೂಲು ಬಿಟ್ಟ ಕೂಡಲೇ ನಾನು ಅಂಗಡಿಗೇ ಓಡುತ್ತಿದ್ದೆ. ಅಪ್ಪ ಒಳಗೆ ಥಾನು ಇಳಿಸುವಾಗ ಗಲ್ಲಾದ ಮೇಲೆ ನನ್ನನ್ನೇ ಕೂರಿಸುತ್ತಿದ್ದರು. ಗಲ್ಲಾದ ಕುರ್ಚಿಯನ್ನು ಕೂರುವವರ ಅಳತೆಗೇ ಮಾಡಿಸಬೇಕು ಎನ್ನುವುದು ನಮ್ಮ ವ್ಯಾಪಾರದ ಜನರ ಒಂದು ಪದ್ಧತಿ. ಅಪ್ಪನ ಅಳತೆಯ ಆ ಕುರ್ಚಿಯಲ್ಲಿ ನನ್ನ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಕಾಲು ನೇತಾಡಿದರೆ ಮನಸ್ಸೂ ನೇತಾಡುತ್ತದೆ ಎಂದು ಹೇಳಿ ಅಪ್ಪ ನನ್ನ ಕಾಲಡಿಗೆ ಒಂದು ಬಟ್ಟೆಯ ಗಂಟು ಇಡುತ್ತಿದ್ದರು. ಕತ್ತಲಾಗುವವರೆಗೆ ಹಾಗೆ ಕೂತಿರುತ್ತಿದ್ದೆ. ಪಕ್ಕದ ಸಾರಥಿ ಊರಿನ ಕಡೆಯ ರೈತರು ಮದುವೆ ಜವಳಿಗೆ ಬಂದರೆ, ಆ ಮಗೂನ ಕೇಳ್ರಿ, ಅದು ಸುಳ್ಳು ಹೇಳಲ್ಲ ಎಂದು ಅಪ್ಪನನ್ನು ಬಿಟ್ಟು ನನ್ನನ್ನು ಕೇಳುತ್ತಿದ್ದರು. ಬೆರಳಲ್ಲಿ ಉಜ್ಜಿ ನೋಡಿ ಯಾವುದು ನೂಲು, ಯಾವುದು ಬೆರಕೆ ಎಂದು ಹೇಳುತ್ತಿದ್ದೆ. ಹತ್ತನೇ ಕ್ಲಾಸಿನ ಇಂಗ್ಲಿಷು ನನ್ನ ತಲೆಗೆ ಹತ್ತಲಿಲ್ಲ, ಆದರೆ ಬಟ್ಟೆ ಹತ್ತಿತು. ನನ್ನ ಮದುವೆಯಾದಮೇಲೆ ಅಪ್ಪ ಅಂಗಡಿ ಮುಚ್ಚಿದರು, ಕೆಲವು ವರ್ಷಕ್ಕೆ ತೀರಿಕೊಂಡರು. ಈಗ ಆ ಜಾಗದಲ್ಲಿ ಮೊಬೈಲು ರಿಪೇರಿ ಮಾಡುತ್ತಾರೆ.

ಇಷ್ಟೆಲ್ಲ ಹೇಳಿದ್ದು, ನನಗೆ ಗಲ್ಲಾದ ಹುಚ್ಚು ಎಲ್ಲಿಂದ ಬಂತು ಎಂದು ತಿಳಿಯಲಿ ಅಂತ.

ಎರಡು ವರ್ಷದ ಹಿಂದೆ ಒಂದು ಭಾನುವಾರ ಊಟದ ಹೊತ್ತಿಗೆ ಭಾವ ಒಂದು ಸುದ್ದಿ ಹೇಳಿದರು. ಎಂ.ಸಿ.ಸಿ. ಬಡಾವಣೆಯ ಬಿ ಬ್ಲಾಕಿನಲ್ಲಿ ಎರಡನೇ ಅಂಗಡಿ, ಹೆಂಗಸರದ್ದೇ ಬಟ್ಟೆ. ಆ ಕಡೆ ಡಾಕ್ಟರುಗಳ ಮನೆ, ಮೆಡಿಕಲ್ ಓದುವ ಹೊರಗಿನ ಹುಡುಗಿಯರು, ಒಳ್ಳೆ ವ್ಯಾಪಾರ. ನಾನು ಅನ್ನ ಬಡಿಸುತ್ತಿದ್ದವಳು ಸೌಟು ಹಿಡಿದುಕೊಂಡೇ, ಹೊಸ ಅಂಗಡಿಯ ಗಲ್ಲಾ ನಾನು ನೋಡಿಕೊಳ್ಳುತ್ತೇನೆ ಎಂದುಬಿಟ್ಟೆ. ವಾರಗಿತ್ತಿ ಕೆಮ್ಮಿದಳು. ಗಂಡ ತಟ್ಟೆ ನೋಡಿದರು. ನಮ್ಮಲ್ಲಿ ಭಾವ ತಮ್ಮನ ಹೆಂಡತಿಯ ಜೊತೆ ನೇರವಾಗಿ ಮಾತಾಡುವ ವಾಡಿಕೆಯಿಲ್ಲ. ಏನಿದ್ದರೂ ಅತ್ತೆಗೆ ಹೇಳುತ್ತಾರೆ, ನಾನು ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳಬೇಕು. ಅವತ್ತೂ ಅತ್ತೆಯ ಕಡೆ ತಿರುಗಿದರು.

"ಅವ್ವ, ಅಲ್ಲಿಗೆ ಬರೋದೆಲ್ಲ ಇಂಗ್ಲಿಷ್ ಮಂದಿ. ಆಕೆ ಹೆಂಗೆ ಸಂಭಾಳಿಸ್ತಾಳೆ? ಮೊದ್ಲು ಇಂಗ್ಲಿಷ್ ಕಲೀಲಿ. ಆಮ್ಯಾಲೆ ಕೂಡುವಳಂತೆ."

ಊಟ ಮಾಡು, ಆಮೇಲೆ ಆಡುವೆಯಂತೆ. ಹೋಂವರ್ಕ್ ಮುಗಿಸು, ಆಮೇಲೆ ಟಿ.ವಿ. ನೋಡುವೆಯಂತೆ. ಮಕ್ಕಳಿಗೆ ನಾನೇ ದಿನಾ ಇದೇ ಧಾಟಿಯಲ್ಲಿ ಹೇಳುವವಳು. ಆದರೂ ಅವತ್ತು ಅದು ನನ್ನ ಕಿವಿಗೆ ಮಾತು ಕೊಟ್ಟ ಹಾಗೇ ಕೇಳಿಸಿತು. ಎಲ್ಲರೆದುರಿಗೆ, ಅನ್ನದ ಮುಂದೆ ಕೂತು ಆಡಿದ ಮಾತು. ಭಾವನಿಗೆ ಬರುವ ಇಂಗ್ಲಿಷು ಎಸ್, ನೋ, ಫಿಕ್ಸೆಡ್ ರೇಟ್, ಇಷ್ಟೇ. ಅದರಲ್ಲೇ ಇಷ್ಟು ವರ್ಷ ಗಲ್ಲಾ ನಡೆಸಿದ್ದಾರಲ್ಲ ಎಂದು ಕೇಳುವ ಬುದ್ಧಿ ನನಗೆ ಆಗ ಬರಲಿಲ್ಲ. ಮೂಗಿಗೆ ತುಪ್ಪ ಸವರಿದ್ದರು, ನಾನು ವಾಸನೆ ಹಿಡಿದುಕೊಂಡು ಹೊರಟೆ.

ಬಿ ಬ್ಲಾಕಿನಲ್ಲೇ ಒಬ್ಬರು ಮಧ್ಯಾಹ್ನ ಹೆಂಗಸರಿಗೆ ಇಂಗ್ಲಿಷು ಹೇಳಿಕೊಡುತ್ತಿದ್ದರು. ಹೈಸ್ಕೂಲಿನಲ್ಲಿ ಪಾಠ ಮಾಡಿ ನಿವೃತ್ತರಾದ ಮುಸ್ಲಿಂ ಟೀಚರು. ಮನೆಯೊಳಗೆ ಉರ್ದು, ನಮ್ಮ ಜೊತೆ ನಮ್ಮದೇ ಕನ್ನಡ, ಪಾಠ ಶುರುವಾದರೆ ಬೆತ್ತವಿಲ್ಲದ ಕೈಯಲ್ಲೂ ಬೆತ್ತ ಇದ್ದ ಹಾಗೆ. ಮೊದಲ ದಿನ ಪುಸ್ತಕ ತೆಗೆಸಲಿಲ್ಲ. ಬೆಳಿಗ್ಗೆಯಿಂದ ಏನೇನು ಮಾಡಿದಿರಿ, ಬರೀ ಕ್ರಿಯಾಪದ ಹೇಳಿ ಎಂದರು. ಎದ್ದೆ, ಗುಡಿಸಿದೆ, ಒರೆಸಿದೆ, ಹೆಚ್ಚಿದೆ, ಕುದಿಸಿದೆ, ಬಡಿಸಿದೆ, ತೊಳೆದೆ. ನನ್ನ ಪಕ್ಕದವಳೂ ಅದನ್ನೇ ಹೇಳಿದಳು. ಅವಳ ಪಕ್ಕದವಳು, ನಂದೂ ಸೇಮ್ ರೀ ಮೇಡಂ ಎಂದು ಕೂತುಬಿಟ್ಟಳು. ಎಲ್ಲರೂ ನಕ್ಕೆವು. ಒಂದು ರೂಮಿನ ತುಂಬ ಹೆಂಗಸರು, ಎಲ್ಲರ ಬದುಕೂ ಸೇರಿ ಏಳೇ ಕ್ರಿಯಾಪದ.

ಆ ಏಳಕ್ಕೇ ಟೀಚರು ಮೂರು ಮೂರು ರೂಪ ಕಲಿಸಿದರು. ಸ್ವೀಪ್, ಸ್ವೆಪ್ಟ್, ಸ್ವೆಪ್ಟ್. ವಾಶ್, ವಾಶ್ಡ್, ವಾಶ್ಡ್. ಮೊದಲನೆಯದು ದಿನಾ ಮಾಡೋದಕ್ಕೆ, ಎರಡನೆಯದು ನಿನ್ನೆ ಮಾಡಿದ್ದಕ್ಕೆ. ಮೂರನೆಯದು ಒಂಟಿಯಾಗಿ ಹೊರಗೆ ಬರುವುದಿಲ್ಲ, ಹ್ಯಾವ್ ಇಲ್ಲವೇ ಹ್ಯಾಡ್ ಜೊತೆಗಿರಬೇಕು ಎಂದರು. ಹಂಗಾದ್ರೆ ಅದು ನಮ್ಮನೆ ಸೊಸೆ ರೀ ಎಂದು ಹಿಂದಿನಿಂದ ಒಬ್ಬಳು ಹೇಳಿದಳು. ಕಟ್ ಮಾತ್ರ ಕಟ್, ಕಟ್, ಕಟ್. ಅದಕ್ಕೆ ನಿನ್ನೆಯೂ ಇಲ್ಲ, ಇವತ್ತೂ ಇಲ್ಲ. ಈರುಳ್ಳಿ ಹೆಚ್ಚುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ನಮ್ಮನ್ನು ಎಲ್ಲಕ್ಕಿಂತ ಹೆಚ್ಚು ನಗಿಸಿದ್ದು ಕೇಮ್. ಕನ್ನಡದಲ್ಲಿ ಮಾವ ಬಂದರು, ಗಂಡ ಬಂದರು, ಕೆಲಸದವಳು ಬಂದಳು, ನಾಯಿ ಬಂತು. ಬಾಯಿಗೆ ಬರುವ ಮೊದಲೇ ಯಾರು ಎಷ್ಟು ದೊಡ್ಡವರು ಎಂದು ಅಳೆದು ಬಾಲ ಹಚ್ಚಬೇಕು. ಇಂಗ್ಲಿಷಿನಲ್ಲಿ ಮಾವನೂ ಕೇಮ್, ನಾಯಿಯೂ ಕೇಮ್. ನಮ್ಮ ಭಾವನೂ ಕೇಮ್ ಎಂದು ನಾನು ಜೋರಾಗಿ ಹೇಳಿ ನೋಡಿದೆ. ಬಾಯಿ ಹಗುರಾಯಿತು. ಈಸ್, ಆಮ್, ಆರ್‌ಗಳಿಗೇ ತಿಂಗಳುಗಟ್ಟಲೆ ಹೋಯಿತು. ನಾನು ಐ ಆಮ್ ಗೋ ಎನ್ನುವುದನ್ನು ಬಿಡಲೊಲ್ಲೆ. ಟೀಚರು ಗೋಡೆಗೆ ತಲೆ ಚಚ್ಚಿಕೊಳ್ಳುವಷ್ಟಾದರು. ಆಮ್ ಬಂದರೆ ಗೋಯಿಂಗ್ ಬರಬೇಕು, ಬರೀ ಗೋ ಇದ್ದರೆ ಆಮ್ ಎದ್ದು ಹೋಗಬೇಕು. ಹೀ, ಶೀ ಬಂದರೆ ಕ್ರಿಯಾಪದದ ಕೊನೆಗೆ ಒಂದು ಎಸ್. ಪ್ರಶ್ನೆಗೆ ಡಸ್ ಬಂದರೆ ಆ ಎಸ್ ಅದರೊಳಗೇ ಇದೆ, ಮತ್ತೆ ಹಚ್ಚಬಾರದು. ಮನೆಯಲ್ಲಿ ಪಾತ್ರೆ ತೊಳೆಯುತ್ತ ಇದನ್ನೇ ಗೊಣಗುತ್ತಿದ್ದೆ. ಅತ್ತೆ ನನಗೇನೋ ಮೆಟ್ಟಿಕೊಂಡಿದೆ ಎಂದುಕೊಂಡಿದ್ದರು.

ಒಂದು ದಿನ ಟೀಚರನ್ನು ನಾನೇ ಬೇರೆ ಕ್ರಿಯಾಪದ ಕೇಳಿದೆ. ಮಾರುವುದು, ಕೊಳ್ಳುವುದು, ಅಳೆಯುವುದು, ಬೆಲೆ ಹೇಳುವುದು. ಯಾಕೆ ಎಂದು ಕೇಳಿದರು. ಗಲ್ಲಾದ ಕಥೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಕಲೀರಿ, ನಂಗೇನು, ಖುಷಿನೇ. ಆದ್ರೆ ಒಂದ್ಮಾತು. ಇಂಗ್ಲಿಷು ನಿಮ್ಮ ಕೈಯಾಗೈತೆ. ಕುರ್ಚಿ ಅವ್ರ ಕೈಯಾಗೈತೆ."

ನನಗೆ ಸಿಟ್ಟು ಬಂತು. ನಮ್ಮ ಮನೆಯ ವಿಷಯ ಇವರಿಗೇನು ಗೊತ್ತು ಎಂದುಕೊಂಡೆ. ಎರಡು ದಿನ ಮುಖ ಊದಿಸಿಕೊಂಡೇ ಪಾಠ ಕೇಳಿದೆ.

ಮನೆಯಲ್ಲಿ ನನ್ನ ಪಾಠ ಒಪ್ಪಿಸಿಕೊಳ್ಳುತ್ತಿದ್ದವರು ಗಂಡ. ಬೆಳಿಗ್ಗೆ ಅಂಗಡಿಗೆ ಹೋಗುವ ಮುಂಚೆ ಅಡುಗೆಮನೆಯ ಕಟ್ಟೆಗೆ ಒರಗಿ ಚಹಾ ಕುಡಿಯುತ್ತ ಒಂದೊಂದೇ ಕೇಳುವರು. ಸೆಲ್? ಸೋಲ್ಡ್, ಸೋಲ್ಡ್. ಬೈ? ಬಾಟ್, ಬಾಟ್. ಸಿಟ್? ಸ್ಯಾಟ್, ಸ್ಯಾಟ್. ತಪ್ಪಿದರೆ ಚಹಾದ ಲೋಟದಿಂದ ತಲೆಗೊಂದು ಮೊಟಕುವರು. ಅವರೂ ನನ್ನಷ್ಟೇ ಓದಿದವರು, ಪುಸ್ತಕ ನೋಡಿಕೊಂಡೇ ತಿದ್ದಬೇಕಿತ್ತು. ಒಂದೊಂದು ಸಲ ಇಬ್ಬರೂ ತಪ್ಪು ಓದಿ ನಗುತ್ತಿದ್ದೆವು. ನಾನು ಗಿರಾಕಿಯಾಗಿ, ಅವರು ಅಂಗಡಿಯವರಾಗಿ. ಆಮೇಲೆ ಅವರು ಗಿರಾಕಿ, ನಾನು ಅಂಗಡಿಯವಳು. ವಾಟ್ ಕಲರ್ ಡು ಯು ವಾಂಟ್, ಸರ್? ಇಷ್ಟು ವರ್ಷದ ಸಂಸಾರದಲ್ಲಿ ನಾವಿಬ್ಬರೂ ಅಷ್ಟು ಮಾತಾಡಿದ್ದು ಅದೇ ಮೊದಲು. ಈಗಲೂ ನನಗೆ ತಡೆಯಲಾಗದ್ದು ಅದೊಂದೇ, ಆ ಬೆಳಗುಗಳು.

ಅಂತೂ ಅಂಗಡಿಯ ಕೆಲಸ ಮುಗಿದು ಪ್ರವೇಶದ ದಿನ ಬಂತು. ಬಾಗಿಲಿಗೆ ಮಾವಿನ ತೋರಣ, ಹೊರಗೆ ಬಂದವರಿಗೆಲ್ಲ ಬೆಣ್ಣೆ ದೋಸೆ ಹಾಕುವ ಕಾವಲಿ, ಒಳಗೆ ಸ್ವಾಮಿಗಳ ಪೂಜೆ. ಗಲ್ಲಾಕ್ಕೆ ಸಾಗುವಾನಿಯ ಹೊಸ ಕುರ್ಚಿ ಬಂದಿತ್ತು. ಈಗ ಎಲ್ಲರೂ ತಿರುಗುವ ಕುರ್ಚಿ ಇಡುತ್ತಾರೆ, ಮೇಲೆ ಕೆಳಗೆ ಮಾಡಿಕೊಳ್ಳಬಹುದು. ಆದರೆ ತಿರುಗೋ ಕುರ್ಚಿಯಲ್ಲಿ ಲಕ್ಷ್ಮಿ ನಿಲ್ಲಲ್ಲ ಎನ್ನುವುದು ಭಾವನ ನಂಬಿಕೆ. ಬಡಗಿಯ ಕೈಯಲ್ಲಿ ಅಳತೆ ಕೊಟ್ಟೇ ಮಾಡಿಸಿದ್ದರು. ಹೊಸ ಅಂಗಡಿಯ ಬೋಣಿ ಹರಿಹರದಾಕೆಯ ಕೈಯಿಂದ ಆಗಲಿ ಎಂದು ಅತ್ತೆ ಹೇಳಿದರು. ಹಸಿರು ಇಳಕಲ್ ಸೀರೆಯುಟ್ಟು ಹೋಗಿ ಕೂತೆ.

ಕೂತ ಕೂಡಲೇ ಏನೋ ಸರಿಯಿಲ್ಲ ಅನ್ನಿಸಿತು. ಕಾಲು ನೆಲಕ್ಕೆ ಎಟುಕಲಿಲ್ಲ. ಎದುರಿನ ಮೇಜು ಎದೆಯ ಮಟ್ಟಕ್ಕೆ ಬರುತ್ತಿತ್ತು. ಬಡಗಿ ಏನೋ ಹೆಚ್ಚುಕಮ್ಮಿ ಮಾಡಿದ್ದಾನೆ, ನಾಳೆ ಹೇಳಿ ಸ್ವಲ್ಪ ಕೊಯ್ಯಿಸಿದರಾಯಿತು ಎಂದುಕೊಂಡೆ. ಅಷ್ಟರಲ್ಲಿ ದೋಸೆಯ ಘಮಕ್ಕೆ ಒಳಗೆ ಬಂದ ಇಬ್ಬರು ಮೆಡಿಕಲ್ ಹುಡುಗಿಯರಲ್ಲಿ ಒಬ್ಬಳು ನನ್ನತ್ತ ನೋಡಿ ಕೇಳಿದಳು.

"ಡು ಯು ಹ್ಯಾವ್ ಕಾಟನ್ ಕುರ್ತೀಸ್?"

ಎಲ್ಲರೂ ನನ್ನ ಕಡೆ ತಿರುಗಿದರು. ಎಸ್, ವಿ ಡು, ಪ್ಲೀಸ್ ಸಿಟ್ ಎಂದೆ. ಡು ಎಂದು ಕೇಳಿದರೆ ಡು ಎಂದೇ ಉತ್ತರ. ಅವಳು ಎರಡು ಕುರ್ತಿ ಎತ್ತಿಕೊಂಡು ಬಂದು ಬಣ್ಣದ ಬಗ್ಗೆ ಕೇಳಿದಳು. ನಾನು ಬೆರಳಲ್ಲಿ ಉಜ್ಜಿ ನೋಡಿದೆ. ದಿಸ್ ಒನ್ ಫೇಡ್ಸ್, ದಟ್ ಒನ್ ಡಸ್ ನಾಟ್ ಫೇಡ್. ಎಸ್ ಹಚ್ಚಬೇಕಾದಲ್ಲಿ ಹಚ್ಚಿದ್ದೆ, ಬಿಡಬೇಕಾದಲ್ಲಿ ಬಿಟ್ಟಿದ್ದೆ. ಅವಳು ಬಣ್ಣ ಹೋಗದ್ದನ್ನು ಇಟ್ಟುಕೊಂಡು, ಅದೇ ಜಾತಿಯ ಬಟ್ಟೆಯಲ್ಲಿ ಇನ್ನೊಂದನ್ನೂ ಕೇಳಿ ತೆಗೆದುಕೊಂಡಳು. ದುಡ್ಡು ಪೆಟ್ಟಿಗೆಗೆ ಹಾಕಿದೆ. ಬೀಗರು ಚಪ್ಪಾಳೆ ತಟ್ಟಿದರು, ಭಾವನ ಮಗ ಮೊಬೈಲಿನಲ್ಲಿ ಎಲ್ಲ ಹಿಡಿದ. ಅಪ್ಪ ಇರಬೇಕಿತ್ತು ಅನ್ನಿಸಿ ಕಣ್ಣು ತುಂಬಿತು. ಭಾವ ಅತ್ತೆಯ ಕಡೆ ಬಾಗಿದರು.

"ಅವ್ವ, ಬೋಣಿ ಚಲೋ ಆತು. ಆಕೆಗೆ ಏಳು ಅನ್ನು. ರಾಹುಕಾಲ ಬರೋದ್ರೊಳಗೆ ಹುಡುಗ ಕೂಡ್ಲಿ."

ನಾನು ಎದ್ದೆ. ಎಲ್ಲರೂ ನೋಡುತ್ತಿದ್ದರು, ಏಳದೆ ಏನು ಮಾಡಲಿ? ಭಾವನ ಮಗ ಬಂದು ಕೂತ. ಬಿ.ಕಾಂ. ಅರ್ಧಕ್ಕೆ ಬಿಟ್ಟ ಹುಡುಗ, ಆರಡಿ ಎತ್ತರ. ಅವನ ಎರಡೂ ಪಾದ ನೆಲಕ್ಕೆ ಊರಿಕೊಂಡವು. ಮೊಳಕೈ ಮೇಜಿನ ಮೇಲೆ ಎಷ್ಟು ಬೇಕೋ ಅಷ್ಟಕ್ಕೇ ಬಂದು ಕೂತವು. ಬಡಗಿಯದೇನೂ ತಪ್ಪಿರಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಯಾರೋ ನನ್ನ ಕೈಗೆ ಬೆಣ್ಣೆ ದೋಸೆಯ ತಟ್ಟೆ ಕೊಟ್ಟರು. ಹಾಗೇ ಹಿಡಿದುಕೊಂಡು ನಿಂತಿದ್ದೆ.

ಸಂಜೆ ಗಂಡನ ಸ್ಕೂಟರಿನ ಹಿಂದೆ ಕೂತು ಮನೆಗೆ ಬರುವಾಗ ಕೇಳಿದೆ, ಕುರ್ಚಿಗೆ ಅಳತೆ ಯಾವಾಗ ಕೊಟ್ಟಿರಿ ಎಂದು. ಸಿಗ್ನಲ್ಲಿನಲ್ಲಿ ನಿಂತಾಗ, ಹೋದ ವರ್ಷವೇ, ಮರ ಚೆನ್ನಾಗಿದ್ದದ್ದು ಸಿಕ್ಕಿತ್ತು ಎಂದರು. ಬಡಗಿಯ ಹತ್ತಿರ ಹುಡುಗನನ್ನು ಕರೆದುಕೊಂಡು ಹೋದವರು ಯಾರು ಎಂದು ಕೇಳಿದೆ. ನಾನೇ ಎಂದರು. ಹೋದ ವರ್ಷ ಅಂದರೆ ಯಾವಾಗ ಎಂದು ಕೇಳಿದೆ.

"ನೀನಾಗ ಈಸ್, ಆಮ್, ಆರ್ ಕಲೀತಿದ್ದೆ."

ಆಗಲೇ! ನಾನಿನ್ನೂ ಐ ಆಮ್ ಗೋ ಎನ್ನುತ್ತಿದ್ದಾಗಲೇ. ಆಮೇಲೆ ಎಷ್ಟು ಬೆಳಗು ಈ ಮನುಷ್ಯ ಕಟ್ಟೆಗೆ ಒರಗಿ ಸೆಲ್, ಬೈ, ಸಿಟ್ ಎಂದು ಒಪ್ಪಿಸಿಕೊಂಡರು! ಗಿರಾಕಿಯಾಗಿ ನನ್ನೆದುರು ನಿಂತು ಬಣ್ಣ ಕೇಳಿದರು! ಯಾಕೆ ಹೇಳಲಿಲ್ಲ ಎಂದದ್ದಕ್ಕೆ, ನಿನ್ನ ಮುಖದಲ್ಲಿ ಅಷ್ಟು ಖುಷಿ ಇತ್ತು, ಯಾಕೆ ಕೆಡಿಸಲಿ ಅಂತ ಸುಮ್ಮನಿದ್ದೆ ಎಂದರು. ಅಣ್ಣನ ಎದುರು ಬಾಯಿ ಬಿಡುವ ಧೈರ್ಯವಿಲ್ಲ ಎಂದು ನೇರ ಹೇಳಿದ್ದರೆ ನಾನು ಅರ್ಥ ಮಾಡಿಕೊಳ್ಳುತ್ತಿದ್ದೆ. ಅಲ್ಲೇ ಇಳಿದು ನಡೆದುಕೊಂಡು ಮನೆಗೆ ಬಂದೆ. ಅವರು ಪಕ್ಕದಲ್ಲೇ ಸ್ಕೂಟರು ನಿಧಾನಕ್ಕೆ ಓಡಿಸಿಕೊಂಡು ಬಂದರು. ಅವತ್ತಿನಿಂದ ಬೆಳಗಿನ ಚಹಾ ಅವರು ಪಡಸಾಲೆಯಲ್ಲೇ ಕುಡಿಯುತ್ತಾರೆ.

ಅತ್ತೆಯ ಮುಂದೆ ಎಲ್ಲ ಕಾರಿಕೊಂಡೆ. ಅವರು ಅಕ್ಕಿ ಆರಿಸುತ್ತಿದ್ದವರು ಮೊರದಿಂದ ತಲೆ ಎತ್ತಲಿಲ್ಲ. ನಾನು ಜೀವಮಾನವೆಲ್ಲ ಐದೈದು ನಿಮಿಷ ಕೂತವಳು, ನನಗೆ ಯಾರು ಏನು ಕೊಟ್ಟರು ಎಂದು ಕೇಳಿದರು. ಆಮೇಲೆ ಮೆಲ್ಲಗೆ, ಹುಡುಗನಿಗೆ ನೀನೇ ಒಂದಿಷ್ಟು ಇಂಗ್ಲಿಷು ಹೇಳಿಕೊಡಬೇಕಂತೆ, ನಿನ್ನ ಭಾವ ಹೇಳಿದ್ದಾನೆ ಎಂದರು. ನಾನು ಎದ್ದು ಹೋದೆ. ಇಂಗ್ಲಿಷು ಬಾರದವಳು ಗಲ್ಲಾದ ಮೇಲೆ ಕೂರಬಾರದಿತ್ತು. ಇಂಗ್ಲಿಷು ಬಾರದವನು ಕೂತಮೇಲೆ ಕಲಿತರಾಯಿತು.

ಹುಡುಗ ಕೆಟ್ಟವನಲ್ಲ. ಒಂದು ದಿನ ಊಟಕ್ಕೆ ಬಂದವನು ತಲೆ ಕೆರೆದುಕೊಂಡು, ಚಿಕ್ಕಮ್ಮಾ, ಸ್ವಲ್ಪ ಹೇಳಿಕೊಡು ಎಂದ. ಟೀಚರ ಮನೆಯ ದಾರಿ ಹೇಳಿದೆ, ಹೋಗಿ ಏಳು ಕ್ರಿಯಾಪದದಿಂದ ಶುರುಮಾಡು ಎಂದೆ. ಅವನು ಹೋಗಲಿಲ್ಲ, ಹೋಗುವ ಅಗತ್ಯವೂ ಬೀಳಲಿಲ್ಲ. ಡಾಕ್ಟರ ಹೆಂಡಿರು ಕನ್ನಡದಲ್ಲೇ ಚೌಕಾಶಿ ಮಾಡುತ್ತಾರೆ. ಮೆಡಿಕಲ್ ಹುಡುಗಿಯರಿಗೆ ಹಾಂ ದೀದಿ, ದಿಖಾತಾ ಹೂಂ ಎಂದು ಬಟ್ಟೆ ತೋರಿಸಿದರೆ ಸಾಕು. ಆ ಹಿಂದಿ ಹರಿಹರದ ಅಂಗಡಿಯಲ್ಲಿ ಕೂತಾಗಲೇ ನನಗೆ ಬರುತ್ತಿತ್ತು. ಬೋಣಿಯ ದಿನದ ನನ್ನ ವಿಡಿಯೋ ಮಾತ್ರ ಅಂಗಡಿಯ ಜಾಹೀರಾತಾಗಿದೆ. ದಾವಣಗೆರೆಯ ಅರ್ಧ ಜನ ಅದನ್ನು ಮೊಬೈಲಿನಲ್ಲಿ ನೋಡಿದ್ದಾರೆ. ತರಕಾರಿ ಕೊಳ್ಳುವಾಗ ಹೆಂಗಸರು ನನ್ನನ್ನು ಗುರುತು ಹಿಡಿದು, ಆ ಅಂಗಡಿ ನಿಮ್ದೇ ಅಲ್ವೇನ್ರಿ ಎಂದು ಕೇಳುತ್ತಾರೆ. ಹೂಂ, ನಮ್ಮದೇ ಎನ್ನುತ್ತೇನೆ.

ಹೋದ ದೀಪಾವಳಿಯ ಅಮಾವಾಸ್ಯೆ. ಬೆಳಿಗ್ಗೆ ನಾನು ಹೂರಣಕ್ಕೆ ಬೇಳೆ ಬೇಯಿಸುತ್ತಿದ್ದೆ. ಭಾವ ಅಡುಗೆಮನೆಯ ಹೊಸ್ತಿಲ ಹೊರಗೆ ಬಂದು ನಿಂತರು. ಅತ್ತೆ ಅಲ್ಲಿರಲಿಲ್ಲ. ಗೋಡೆಯ ಕ್ಯಾಲೆಂಡರು ನೋಡುತ್ತ, ನನ್ನ ಮದುವೆಯಾದಂದಿನಿಂದ ಮೊದಲ ಬಾರಿಗೆ ನೇರ ನನ್ನೊಡನೆ ಮಾತಾಡಿದರು.

"ನೋಡಮ್ಮ, ಬೋಣಿ ಕೈ ಬದಲಾಗಬಾರ್ದು. ಸಂಜೆ ಅಂಗಡಿಗೆ ಬಂದು ಕೂತು ಹೋಗು."

ಇಷ್ಟು ದಿನ ಏನೇನೋ ಮಾತು ಜೋಡಿಸಿಟ್ಟುಕೊಂಡಿದ್ದೆ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಬಾಯಿಗೆ ಬಂದದ್ದು ಇಷ್ಟೇ.

"ಆ ಕುರ್ಚಿಯಾಗೆ ನನ್ನ ಕಾಲು ನೆಲಕ್ಕೆ ಎಟುಕಲ್ಲ ಭಾವನೋರೆ. ಕುರ್ಚಿ ಕಾಲು ಕೊಯ್ಸಿ. ಬರ್ತೀನಿ."

ಅವರು ಕ್ಯಾಲೆಂಡರು ಬಿಟ್ಟು ನನ್ನನ್ನು ನೋಡಿದರು. ಸಿಟ್ಟು ಮಾಡಿಕೊಂಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವರು ಸಿಟ್ಟಾಗಲಿಲ್ಲ. ನಿಜವಾಗಿಯೂ ಯೋಚನೆ ಮಾಡಿದರು, ದಾರಿ ಹೊಳೆದಂತೆ ಅವರ ಮುಖ ಅರಳಿತು.

"ಐದು ನಿಮಿಷದ ಮಾತಿಗೆ ಒಳ್ಳೆ ಕುರ್ಚಿ ಯಾಕ ಕೆಡಿಸೋದಮ್ಮ? ಕಾಲ ಕೆಳಗೆ ಒಂದು ಮಣೆ ಇಡಿಸ್ತೀನಿ, ಬಾ."

ಅಪ್ಪನ ಬಟ್ಟೆಯ ಗಂಟು ನೆನಪಾಯಿತು. ಅಪ್ಪ ಅದನ್ನು ಇಟ್ಟದ್ದು ನಾನು ಕತ್ತಲಾಗುವವರೆಗೆ ಕೂರಲಿ ಎಂದು. ನಾನು ಬೇಳೆಯ ಕಡೆ ತಿರುಗಿಕೊಂಡೆ. ಸಂಜೆ ಎಲ್ಲರೂ ಹೊರಟಾಗ ಹೊರಡಲಿಲ್ಲ. ಗಂಡ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದು ಹೋದರು. ದೇವರಮನೆಯ ಮಣೆಯನ್ನು ಸ್ಕೂಟರಿನಲ್ಲಿ ಇಟ್ಟುಕೊಂಡಿದ್ದರು. ನನ್ನ ಬದಲಿಗೆ ಎರಡೂ ಅಂಗಡಿಯ ಬೋಣಿಯನ್ನು ವಾರಗಿತ್ತಿಯೇ ಮಾಡಲಿ ಎಂದಾಗಿತ್ತು. ಆನಗೋಡಿನಾಕೆ ರೇಷ್ಮೆ ಸೀರೆ ಉಟ್ಟುಕೊಂಡು ನನ್ನ ಕಡೆ ನೋಡದೆ ಹೋದಳು. ಅವಳು ನನಗಿಂತ ಕುಳ್ಳಿ. ಹಳೇ ಅಂಗಡಿಯಲ್ಲಿ ಇರುವುದು ನೆಲದ ಮೇಲಿನ ಗಾದಿ, ಅಲ್ಲಿ ಕಾಲು ಮಡಿಸಿ ಕೂರುವುದಷ್ಟೇ ಅವಳಿಗೆ ಗೊತ್ತು.

ವಾರಗಿತ್ತಿ ಪೂಜೆ ಮುಗಿಸಿ ಬಂದು ಮಣೆಯನ್ನು ದೇವರಮನೆಯಲ್ಲಿಟ್ಟಳು. ರೇಷ್ಮೆ ಸೀರೆಯನ್ನೂ ಬದಲಾಯಿಸದೆ ಅಡುಗೆಮನೆಗೆ ಬಂದು ನನ್ನ ಪಕ್ಕ ನೆಲದ ಮೇಲೆ ಕೂತು ಹೂರಣದ ಉಂಡೆ ಕಟ್ಟತೊಡಗಿದಳು. ಮಗನ ಅಂಗಡಿಯಲ್ಲಿ ಮೆರೆದು ಬಂದಿದ್ದಾಳೆ, ಹೇಳಿಕೊಳ್ಳಲಿ ಎಂದು ಕಾದೆ. ನಾಲ್ಕಾರು ಉಂಡೆ ಕಟ್ಟಿದ ಮೇಲೆ ಅವಳು ಕೈಯಲ್ಲಿದ್ದ ಉಂಡೆಯನ್ನು ನೋಡುತ್ತಲೇ ಹೇಳಿದಳು.

"ಮಣೆ ಇಟ್ರೂ ನನ್ನ ಕಾಲು ಎಟುಕಲಿಲ್ಲ ಕಣೆ."

ಅವಳ ಹೊಟ್ಟೆಯಲ್ಲಿ ಹುಟ್ಟಿದವನ ಅಳತೆಗೆ ಮಾಡಿಸಿದ ಕುರ್ಚಿ ಅದು.